ಎರಡನೇ ಚರಣದ ಕೊಳಲು

ಕೂತುಕೊ ರ್ಯೋಹೆಯ್, ಹೆಡ್‌ಫೋನು ಆಮೇಲೆ.
ಹಾಡೊಂದಕ್ಕೆ ಇಷ್ಟು ಅಂತ ಕೊಡುತ್ತಾರೆ ಕಂಪನಿಯವರು:
ಮೂಲವನ್ನು ಕೇಳಿ ಕೇಳಿ ಒಂದೊಂದೇ ವಾದ್ಯ ಬಿಡಿಸಿ
ಕಂಪ್ಯೂಟರಿನಲ್ಲಿ ಮತ್ತೆ ಹೆಣೆಯಬೇಕು,
ಹಾಡಿದವರ ದನಿಯೊಂದನ್ನು ಬಿಟ್ಟು.
ಈ ಕುಶಿರೊ ಬಂದರಿನಲ್ಲಿ ಎಲ್ಲರೂ
ಮುಳ್ಳು ತೆಗೆದು ಮೀನು ಬಡಿಸುತ್ತಾರೆ.
ನಾನು ಮೂವತ್ತೊಂದು ವರ್ಷದಿಂದ
ಮೀನು ತೆಗೆದು ಮುಳ್ಳು ಬಡಿಸುತ್ತಿದ್ದೇನೆ.

ಶುರುವಿನ ನಾಲ್ಕು ಆವರ್ತ ಅವಸರ ಬೇಡ.
ಅಷ್ಟರಲ್ಲಿ ಅವಳು ಗ್ಲಾಸು ಕೆಳಗಿಡಬೇಕು,
ಅಯ್ಯೋ ನನಗೆ ಬರಲ್ಲ ಅಂತ ಎರಡು ಸಲ ಅನ್ನಬೇಕು,
ಕನ್ನಡಕ ಹುಡುಕಬೇಕು,
ಬೇರೆಯವರ ಕೈಯಲ್ಲಿದ್ದ ಮೈಕು ಕಿತ್ತುಕೊಳ್ಳಬೇಕು.

ಡ್ರಮ್ಮು ನೆಲದ ಹಾಗಿರಲಿ,
ಕಾಲಿಗೆ ಸಿಗಬೇಕು, ಕಣ್ಣಿಗೆ ಬೀಳಬಾರದು.
ಪಿಟೀಲಿನವರು ಚರಣ ಮುಗಿಯುವ ತನಕ
ಮದುವೆ ಮನೆಯ ದೂರದ ನೆಂಟರಂತೆ
ಗೋಡೆಗೆ ಒರಗಿ ನಿಂತಿರಲಿ.
ಕುಡಿದವನ ತಾಳ ಜಗ್ಗುತ್ತದೆ, ಯಂತ್ರ ಕಾಯುವುದಿಲ್ಲ.
ಸಾಲಿನ ಕೊನೆಯ ಪೆಟ್ಟಿನಲ್ಲಿ ಏನೂ ನುಡಿಸದೆ ಬಿಡು,
ಓಡಿ ಬಂದು ಸೇರಿಕೊಳ್ಳುತ್ತಾನೆ,
ತಡವಾಗಿದ್ದು ಪಕ್ಕದವನಿಗೂ ಗೊತ್ತಾಗುವುದಿಲ್ಲ.

ಶ್ರುತಿ.
ಮೂಲದವಳು ಅದನ್ನು ಇಪ್ಪತ್ತರಲ್ಲಿ ಹಾಡಿದಳು,
ನಮ್ಮವರು ಅರವತ್ತರಲ್ಲಿ ಹಾಡುತ್ತಾರೆ.
ಇಳಿಸುವ ಗುಂಡಿ ಇದೆ, ಒತ್ತಲು ನಾಚಿಕೆ.
ಅದಕ್ಕೇ ಅರ್ಧ ಸ್ವರ ನಾನೇ ಇಳಿಸಿ ಕಳಿಸುತ್ತೇನೆ.
ಕಂಪನಿಗೆ ಹೇಳಿಲ್ಲ. ನೀನೂ ಹೇಳಬೇಡ.

ಇನ್ನು ದಾರಿ ತೋರುವ ಕೊಳಲು,
ಹಾಡುವವರ ಸಾಲನ್ನೇ ಹಿಂದಿನಿಂದ ನುಡಿಯುವಂಥದ್ದು.
ಪರೀಕ್ಷೆಯಲ್ಲಿ ಹಿಂದಿನ ಬೆಂಚಿನವನು ಪಿಸುಗುಟ್ಟಿದಂತಿರಬೇಕು.
ಗೊತ್ತಿಲ್ಲದವನಿಗೆ ಕೇಳಬೇಕು,
ಗೊತ್ತಿದ್ದವನಿಗೆ ಕೇಳಬಾರದು.
ಇದೊಂದು ನನಗೆ ಇನ್ನೂ ಪೂರ್ತಿ ಬಂದಿಲ್ಲ.

ಒಂದು ಚಳಿಗಾಲ, ನೆಗಡಿ, ಬಲಗಿವಿ ಕಟ್ಟಿಕೊಂಡಿತ್ತು.
ಜೋಡಿ ಹಾಡೊಂದು ಮಾಡಿ ಕಳಿಸಿದೆ.
ಅವನ ಸಾಲು ನೀಲಿ ಅಕ್ಷರ, ಅವಳ ಸಾಲು ಗುಲಾಬಿ.
ಕಂಪನಿಯಿಂದ ಕಾಗದ ಬಂತು:
ಎರಡನೇ ಚರಣದಲ್ಲಿ ಕೊಳಲು ಜಾಸ್ತಿ, ತಗ್ಗಿಸಿ.

ತಗ್ಗಿಸೋಣ ಅಂತಲೇ ಇದ್ದೆ.
ಆ ಶನಿವಾರ ಸೆತ್ಸುಕೊಳ ಎಂಟು ಕುರ್ಚಿಯ ಬಾರಿನಲ್ಲಿ
ಕಿಯೊಹಾರು ಎದ್ದು ನಿಂತ, ಸಾನ್ಮಾ ದೋಣಿಯ ಎಂಜಿನ್ನಿನವನು,
ಉಗುರಲ್ಲಿ ಇನ್ನೂ ಗ್ರೀಸು.
ಹಾಕಿಸಿದ್ದು ಅದೇ ಹಾಡು.
ಸಾಮಾನ್ಯವಾಗಿ ಚಿಗುಸಾ ಜೊತೆಗಿರುತ್ತಿದ್ದಳು.
ಸಪ್ಪೊರೊಗೆ ಹೋದಳು ಅಂದರು ಕೆಲವರು,
ಆಸ್ಪತ್ರೆ ಅಂದರು, ಬೇರೊಬ್ಬನ ಹೆಸರೂ ಹೇಳಿದರು.
ನಾನು ಕೇಳಲಿಲ್ಲ.

ನೀಲಿ ಅಕ್ಷರ ಮುಗಿಯಿತು. ಅವನು ಮೈಕು ಇಳಿಸಿದ.
ಇನ್ನೊಂದು ಮೈಕು ಹುರಿದ ಬಟಾಣಿಯ ತಟ್ಟೆಯ ಪಕ್ಕ
ಮಗ್ಗುಲಾಗಿ ಬಿದ್ದಿತ್ತು.
ಸೆತ್ಸುಕೊ ಕೈ ಚಾಚಿದವಳು ಹಿಂದೆಳೆದುಕೊಂಡಳು.
ಪರದೆಯ ಮೇಲೆ ಗುಲಾಬಿ ಬಣ್ಣ ಒಂದೊಂದೇ ಪದವನ್ನು
ತುಂಬುತ್ತಾ ಹೋಯಿತು, ಯಾರ ಬಾಯಿಯೂ ಇಲ್ಲದೆ,
ನನ್ನ ಆ ತಪ್ಪು ಕೊಳಲು
ಅಷ್ಟೂ ಹದಿನಾರು ಆವರ್ತ ಅವಳ ಸಾಲನ್ನು ನುಡಿಯಿತು.
ಒಂದೆಡೆ ಅವಳ ಹಾಗೆಯೇ ತುಸು ಮುಂಚೆ ಬಂತು.
ಅವನು ತಲೆ ತಗ್ಗಿಸಿ ಕೇಳಿದ,
ಎಂಜಿನ್ನಿನ ಸದ್ದಿನಲ್ಲಿ ರೋಗ ಹುಡುಕುವವನಂತೆ.
ನೀಲಿ ಮತ್ತೆ ಬಂದಾಗ
ಸರಿಯಾದ ಪೆಟ್ಟಿಗೆ ಸರಿಯಾಗಿ ಎತ್ತಿಕೊಂಡ.
ಚಪ್ಪಾಳೆ ಯಂತ್ರದ್ದೇ. ಅಂಕ ಎಪ್ಪತ್ತೆರಡು.

ಒಳ್ಳೆಯದು ಅಂದರೆ ಏನು ಅಂತ ತಾನೆ ನೀನು ಕೇಳಿದ್ದು?
ಹಾಡದೆ ನಿಂತವನ ಕುರ್ಚಿಯಲ್ಲಿ
ಇನ್ನೊಬ್ಬರನ್ನು ಕೂರಿಸದಿರುವುದು ಇರಬಹುದು.
ನನಗೆ ಸರಿಯಾಗಿ ಹೇಳಲು ಬರುವುದಿಲ್ಲ.

ಕಂಪನಿಯ ಕಾಗದ ಆ ಡ್ರಾಯರಿನಲ್ಲೇ ಇದೆ.
ನಾಳೆ ತಗ್ಗಿಸಬೇಕು ಅಂದುಕೊಂಡು ಏಳು ವರ್ಷವಾಯಿತು.

ಹಾಕಿಕೊ ಈಗ ಹೆಡ್‌ಫೋನು.
ಬಲಗಡೆಯದು ಸ್ವಲ್ಪ ಕಡಿಮೆ ಕೇಳುತ್ತದೆ,
ವೈರು ಹೀಗೆ ಬಗ್ಗಿಸಿ ಹಿಡಿದುಕೊ.