ಕಲಂ ಇಪ್ಪತ್ತೆರಡು

ನಾ ಚಹಾ ಹೇಳಾಕ ಕೆಳಗ ಹೋದಾಗ
ನನ್ನ ಸೆಕ್ರೆಟರಿ ಮಾಡಿಬಿಟ್ಟಿದ್ರು.
ಮ್ಯಾಲ ಬರೂದ್ರಾಗ ಚಪ್ಪಾಳಿ, ಒಂದು ಫೈಲು,
ಫೈಲಿನ ಮ್ಯಾಗ ಯಾವಾಗಿಂದೋ ಹಚ್ಚಿದ ಕುಂಕುಮ.

ಬಿಲ್ಡರ್ ಬಿಟ್ಟುಹೋದದ್ದು ಎರಡ:
ಸೋರೂ ಟಾಕಿ, ನಲವತ್ತೊಂದು ಪುಟದ ಬೈಲಾ.
ಬೇಸಗಿ ಗಾಳಿಗೆ ಹಾಳಿ ಹಾರಬಾರದಂತ
ಖಲಬತ್ತದ ಗುಂಡು ಇಟಗೊಂಡು ಓದಾಕ ಕುಂತೆ.
ಮುವ್ವತ್ತು ವರ್ಷ ವಿಜಯಪುರ ಡಿಪೋದಾಗ ಟೈಮ್ ಕೀಪರ್ ನಾನು.
ಬಸ್ಸು ಬರಬೇಕಾದ ಹೊತ್ತು ಒಂದು, ಬಂದ ಹೊತ್ತು ಒಂದು,
ಎರಡೂ ಬರಕೊಂಡ್ರ ಕೆಲಸ ಮುಗೀತಿತ್ತು.
ಇಲ್ಲಿ ಪ್ರತಿ ಸಾಲೂ ‘ತಕ್ಕದ್ದು’ ಅಂತ ಮುಗೀತೈತಿ,
ಯಾರಿಗೆ ತಕ್ಕದ್ದು ಅಂತ ಬರದಿಲ್ಲ.

ಕಲಂ ನಾಕು: ‘ಪ್ರತಿ ಮಾಲೀಕನಿಗೂ ನಿವೇಶನದಲ್ಲಿ
ಇಪ್ಪತ್ನಾಲ್ಕನೇ ಒಂದರಷ್ಟು ಅವಿಭಾಜ್ಯ ಪಾಲು ಇರತಕ್ಕದ್ದು.’
ಅವಿಭಾಜ್ಯ ಅಂದ್ರ? ಕೇಳಿದ್ಲು ದಿಲಶಾದಬಿ.
ನಿಂದು ಐತಿ ಬೇ,
ಆದ್ರ ಇದ ನಂದು ಅಂತ ಬೊಟ್ಟು ಮಾಡಾಕ ಬರಂಗಿಲ್ಲ.
‘ತವರಮನಿ ಹಂಗ ಅನ್ರಿ.’
ವ್ಯಾಖ್ಯೆಗಳ ಪುಟದಾಗ ಇದರಷ್ಟು ಚೊಲೊದು ಒಂದೂ ಇರಲಿಲ್ಲ.

ಕಲಂ ಹದಿನಾಕು, ಬೆಳಿಗ್ಗೆ ಆರರೊಳಗೆ ಸದ್ದು ಕೂಡದು.
ನಾಕೂವರಿಗೆ ಎದ್ದು ರೊಟ್ಟಿ ಬಡೀತಾಳ ಕಸ್ತೂರೆವ್ವ,
ನೂರಾ ಅರವತ್ತು, ಖಾನಾವಳಿಗೆ.
ಆಕಿ ಕೆಳಗ ಮಲಗೂ ಭೂಗೋಲದ ಮಾಸ್ತರ ಜಹಗೀರದಾರ
ಮೂರು ಸಲ ಅರ್ಜಿ ಬರದಾರ, ಮೂರನೇದು ಕೆಂಪು ಶಾಯಿ.
ಹುಡುಕಿದೆ. ‘ಮಾಲೀಕ’ ಐತಿ, ‘ವಾಹನ’ ಐತಿ, ‘ಸಾಕುಪ್ರಾಣಿ’ ಐತಿ.
‘ಸದ್ದು’ ಅಂದ್ರೇನಂತ ಎಲ್ಲೂ ಇಲ್ಲ.
ಇಲ್ಲದ್ದನ್ನ ಹೆಂಗ ನಿಲ್ಲಿಸಲಿ, ಅಂತ ಅರ್ಜಿ ಮ್ಯಾಗ ಬರದು ಕಳಿಸಿದೆ.
ಸಂಜಿಗೆ ಒಂದು ಡಬ್ಬಿ ಶೇಂಗಾ ಚಟ್ನಿ ಬಂತು.
ಅದು ಲಂಚ ಹೌದೋ ಅಲ್ಲೋ
ತಿಂದಮ್ಯಾಲ ನೋಡೂಣಂತ ಬಿಟ್ಟೆ.

ಆಮ್ಯಾಲ ಇಪ್ಪತ್ತೆರಡು.
‘ಸಮುದ್ರಾಭಿಮುಖ ಬಾಲ್ಕನಿಗಳಲ್ಲಿ ಒದ್ದೆ ಬಟ್ಟೆ ಹಾಕತಕ್ಕದ್ದಲ್ಲ.
ಉಪ್ಪುಗಾಳಿಗೆ ಸರಳು ತುಕ್ಕು ಹಿಡಿದಲ್ಲಿ
ಸಂಘವು ಜವಾಬ್ದಾರಿಯಲ್ಲ.’

ಎರಡು ಸಲ ಓದಿದೆ.
ನಾಕು ದಿನಕ್ಕೊಮ್ಮಿ ನಳ ಬರೂ ಮನಿಯಾಗ ಕುಂತು
ಸಮುದ್ರ ಓದಿದೆ.
ಯಾವ ದಂಡಿಯ ಯಾವ ಕಟ್ಟಡದ ಬೈಲಾ ಇದು?
ನಕಲು ಮಾಡಿದಾಂವ ಊರಿನ ಹೆಸರು ಅಳಿಸ್ಯಾನ,
ನೀರು ಅಳಸೂದು ಮರತಾನ.

ಸಭಾದಾಗ ಹೇಳಿದ್ರ ನಕ್ರು. ಜಹಗೀರದಾರ ಮಾತ್ರ ನಗಲಿಲ್ಲ.
‘ಹಂಗ ನೋಡಿದ್ರ ಎಲ್ಲಾ ಬಾಲ್ಕನಿನೂ
ಸಮುದ್ರಕ್ಕ ಮುಖ ಮಾಡ್ಯಾವ ರೀ.
ದೂರ ಎಷ್ಟಂಬೂದು ಬ್ಯಾರೆ ಮಾತು.’
ಅಂದಿನಿಂದ ಪಡುವಲ ಕಡೆ ಮನಿಯವರು
ಬಟ್ಟಿ ಹಿಂಡೂ ಮುಂದ ನನ್ನ ಮಾರಿ ನೋಡತಾರ.

ತಗದು ಹಾಕಬೇಕಂದ್ರ ಹದಿನಾರು ಕೈ ಏಳಬೇಕು.
ನೋಟೀಸು ಅಂಟಿಸಿದೆ. ಏಳು ಮಂದಿ ಬಂದ್ರು.
ಮತ್ತ ಅಂಟಿಸಿದೆ. ಒಂಬತ್ತು, ಅದರಾಗ ಇಬ್ಬರು ಬಾಡಿಗಿಯವರು.
ಮೂರನೇ ಸಲ, ಛತ್ತಿನ ಮ್ಯಾಗ, ಐದು.
ಕೋರಂ ಇಲ್ಲದಿದ್ರ ಅರ್ಧ ತಾಸು ಕಾಯಬೇಕು,
ಆಮ್ಯಾಲ ಇದ್ದವರ ಕೋರಂ:
ನಲವತ್ತೊಂದು ಪುಟದಾಗ ನನಗ ಸೇರಿದ ಮಾತು ಇದೊಂದ.

ಕುಂತಿವಿ. ಹಗಲಿನ ಕಾವು ಇನ್ನೂ ಫರಸಿಯಾಗ ಇತ್ತು.
ಕಸ್ತೂರೆವ್ವ ಉಗುರಿನ ಸಂದ್ಯಾಗಿನ ಹಿಟ್ಟು ಕೆರಕೋತ ಇದ್ಲು,
ಮಾಸ್ತರ ವಾಚು ನೋಡೂದು ಬಿಟ್ಟು ಕಣ್ಣು ಮುಚ್ಚಿದ್ರು,
ನಾಕೂವರಿಗೆ ಎಚ್ಚರಾದ ಮನಶಾ, ಪಾಪ.
ಕರೆಂಟ್ ಹೋತು. ಪಡುವಲಿಂದ ಒಂದು ಗಾಳಿ ಬಂತು,
ಹಗ್ಗದ ಮ್ಯಾಗಿನ ಚಾದರ ಹಡಗದ ಪಟದ ಹಂಗ ಉಬ್ಬಿತು.
ದಿಲಶಾದಬಿ ತುಟಿ ಸವರಿ ಅಂದ್ಲು,
‘ಉಪ್ಪ ಐತಲ್ರಿ.’
ಬೆವರು ಬೇ ಅದು, ಅಂದೆ.
‘ಇರವಲ್ದ್ಯಾಕ. ಬರಕೋರಿ.’

ಮೊಬೈಲಿನ ಬೆಳಕಿನ್ಯಾಗ ಠರಾವು ವಹಿ ತಗದೆ.
ಹಾಜರು ಐದು. ವಿಷಯ, ಕಲಂ ಇಪ್ಪತ್ತೆರಡು.
ಸಮುದ್ರವನ್ನು ಮುಂದಿನ ಸಭೆಗೆ ಮುಂದೂಡಲಾಗಿದೆ.