ಬರೀ ಗಾಳಿಯ ತಟ್ಟೆ

ಸಾಲಗಾಮೆ ರಸ್ತೆಯ ಕೊನೆಯ ಬಸ್ಸು ಹೋದ ಮೇಲೆ
ಲ್ಯಾಬಿನಲ್ಲಿ ನಾನು, ಟ್ಯೂಬ್‌ಲೈಟು, ಒಂಬತ್ತು ಗಾಜಿನ ತಟ್ಟೆ.

ಹಿಲ್ಡಾ ಸಿಸ್ಟರ್ ಕೊಟ್ಟ ಕಂದು ಬಾಟಲಿ.
ಮುಚ್ಚಳ ತೆಗೆದರೆ ಸಿಹಿ ವಾಸನೆ,
ಮಾಗಿ ಒಡೆದ ಹಲಸಿನದಲ್ಲ, ಅದರ ಪಕ್ಕದ್ದು.
ಹತ್ತೊಂಬತ್ತು ವರ್ಷ ಆಪರೇಷನ್ ಕೋಣೆಯಲ್ಲಿ
ಬೇರೆಯವರಿಗೆಂದು ಬಿಟ್ಟ ನಿದ್ದೆಯನ್ನು
ಎಚ್ಚರವಿದ್ದೇ ಉಸಿರಾಡಿದವರು.
ಗಾಳಿ ಹೊರಗೆಳೆಯುವ ಫ್ಯಾನಿನಲ್ಲಿ ಗುಬ್ಬಿ ಗೂಡು ಕಟ್ಟಿತ್ತಂತೆ;
ಮರಿ ಹಾರುವ ತನಕ ಯಾರೂ ಸ್ವಿಚ್ಚು ಒತ್ತಲಿಲ್ಲವಂತೆ.
ಎಂಬತ್ತಾರರಲ್ಲಿ ಒಂದು, ಎಂಬತ್ತೆಂಟರಲ್ಲಿ ಒಂದು
ಹೋಯಿತು, ಎಂದರು, ಲೇಬಲ್ಲನ್ನು ಉಗುರಿನಿಂದ ಕೆರೆಯುತ್ತ.
"ಇದು ಬೀಜ ಕೆಡಿಸುತ್ತದೇನಮ್ಮ, ನೋಡಿ ಹೇಳು."

ನೋಡುವ ಬಗೆ ಹೀಗೆ:
ಈ ಬ್ಯಾಕ್ಟೀರಿಯಗಳು ಕೈಲಾಗದವು.
ಹಿಸ್ಟಿಡಿನ್ ಎಂಬುದೊಂದನ್ನು
ತಾವಾಗಿ ಮಾಡಿಕೊಳ್ಳಲು ಬಾರದು, ಯಾರಾದರೂ ಬಡಿಸಬೇಕು.
ಎಲೆ ಹಾಕಿದೆ. ಅದೊಂದನ್ನು ಬಡಿಸಲಿಲ್ಲ.
ಡಬ್ಬಿಯೊಳಗೆ ಆವಿ ಬಿಟ್ಟು, ಅಂಚಿಗೆ ಗ್ರೀಸು ಸವರಿ,
ಮೂವತ್ತೇಳು ಡಿಗ್ರಿಯಲ್ಲಿ ಎರಡು ದಿನ.
ಒಳಗಿನ ಬರಹದಲ್ಲಿ ಒಂದಕ್ಷರ ಅತ್ತಿತ್ತ ಆದರೆ
ಯಾವುದೋ ಒಂದು ಅಡುಗೆ ಕಲಿಯುತ್ತದೆ,
ಬಿಳಿ ಚುಕ್ಕೆಯಾಗಿ ಬೆಳೆಯುತ್ತದೆ.
ಕೆಟ್ಟದ್ದರ ಗುರುತು, ಇಲ್ಲಿ, ಬದುಕುವುದೇ.

ಬಾಗಿಲು ಮುಚ್ಚಿಟ್ಟು ಕಾಯುವುದನ್ನು
ಹಾಸನದವಳಿಗೆ ಯಾರೂ ಕಲಿಸಬೇಕಿಲ್ಲ;
ಆದರೆ ನನ್ನದು ವರ್ಷಕ್ಕೊಮ್ಮೆ ತೆರೆವ ಬಾಗಿಲಲ್ಲ,
ನಡುವೆ ಎರಡು ಸಲ ಕರೆಂಟು ಹೋಯಿತು.
ಇನ್‌ಕ್ಯುಬೇಟರಿಗೆ ಕಂಬಳಿ ಹೊದಿಸಿದೆ.

ಇವತ್ತು ಎಣಿಕೆ.
ವಿಷವೆಂದು ಮೊದಲೇ ಗೊತ್ತಿರುವುದನ್ನು ಹಾಕಿದ ತಟ್ಟೆಗಳಲ್ಲಿ
ಎಳ್ಳು ಚೆಲ್ಲಿದ ಹಾಗೆ. ಲೆಕ್ಕ ಬಿಟ್ಟೆ.
ಆವಿಯ ತಟ್ಟೆ: ಇಪ್ಪತ್ತನಾಲ್ಕು, ಇಪ್ಪತ್ತೊಂದು, ಇಪ್ಪತ್ತಾರು.
ಬರೀ ಗಾಳಿಯ ತಟ್ಟೆ: ಇಪ್ಪತ್ತೈದು, ಹತ್ತೊಂಬತ್ತು, ಇಪ್ಪತ್ತಮೂರು.
ಮತ್ತೆ ಎಣಿಸಿದೆ, ಗಾಜಿನ ಮೇಲೆ ಪೆನ್ನು ಒತ್ತಿ ಒತ್ತಿ.

ಆವಿಯ ತಪ್ಪಿಲ್ಲ, ಈ ತಟ್ಟೆಗಳ ಮಟ್ಟಿಗೆ,
ಎಂದು ಬರೆದೆ. 'ಮಟ್ಟಿಗೆ'ಯ ಕೆಳಗೆ ಗೆರೆ ಎಳೆದೆ.
ನೋಡುತ್ತ ಕೂತದ್ದು ಮಾತ್ರ ಗಾಳಿಯ ತಟ್ಟೆಯನ್ನು.
ಯಾರೂ ಏನೂ ಮಾಡದೆ, ಯಾವ ವಾಸನೆಯೂ ಇಲ್ಲದೆ,
ಹತ್ತೊಂಬತ್ತು ಕಡೆ
ಅಕ್ಷರ ತಪ್ಪಿದೆ.

ನಾಳೆ ಸಿಸ್ಟರ್ ಬರುತ್ತಾರೆ
ಡ್ಯೂಟಿ ಮುಗಿಸಿ, ಚೀಲದಲ್ಲಿ ಸಂತೆಪೇಟೆಯ ಆಲೂಗೆಡ್ಡೆ.
ಗಾಳಿಯೇ ಸಾಕು ಎಂದು ಹೇಗೆ ಹೇಳಲಿ?
ಇಷ್ಟು ವರ್ಷ
ಬೈಯಲು ಆ ಬಾಟಲಿಯಾದರೂ ಇತ್ತು.