ಪೂರೈಕೆ ರೇಖೆ

ಹುಫಾಲೀಝ್ ಪೇಟೆಯ ಹಳೇ ಬೇಕರಿಯ ನೆಲಮಾಳಿಗೆಯಲ್ಲಿ
ಗುರುವಾರ ರಾತ್ರಿ ಮೂವರು ಯುದ್ಧಕ್ಕೆ ಕೂರುತ್ತೇವೆ:
ಹಲ್ಲಿನ ಡಾಕ್ಟರು ಎವ್ರಾರ್,
ಹಸುಗಳ ಹೆರಿಗೆ ಮಾಡಿಸುವ ಜೋಸ್ಲೀನ್,
ಸಿಗ್ನಲ್ ಕಾಯ್ದು ಪಿಂಚಣಿಗೆ ಬಂದ ನಾನು.

ಮೇಜಿನ ಮೇಲೆ ನಮ್ಮದೇ ಊರು,
ಜೇನುಹುಟ್ಟಿನ ಕಣ್ಣುಗಳಾಗಿ ಕೊಯ್ದಿಟ್ಟದ್ದು.
ನಲವತ್ತನಾಲ್ಕರ ಡಿಸೆಂಬರು.

ಎವ್ರಾರ್‌ಗೆ ದಪ್ಪ ಪುಸ್ತಕದ ಆಟವೇ ಆಟ.
ತೊಂಬತ್ತಾರು ಪುಟ ನಿಯಮ,
ತಿದ್ದೋಲೆ ಬೇರೆ ಹನ್ನೊಂದು.
ಪೆಟ್ರೋಲಿಗೊಂದು ಲೆಕ್ಕ, ಕೆಸರಿಗೊಂದು ಲೆಕ್ಕ,
ಸೇತುವೆ ಮುರಿಯಲು ಎಷ್ಟು ಗರ, ಕಟ್ಟಲು ಎಷ್ಟು ಸರದಿ.
ಕಾಯಿಗಳನ್ನು ಚಿಮುಟದಲ್ಲೇ ಎತ್ತುತ್ತಾನೆ,
ನರ ತಾಗೀತೆಂಬ ಹುಷಾರಿನಲ್ಲಿ.
ಒಂದು ದಿನದ ಕಾದಾಟ ಆಡಿ ಮುಗಿಸಲು
ನಮಗೆ ಎರಡು ತಿಂಗಳು ಹಿಡಿಯಿತು.
ಕಾದಿದವರೇ ಬೇಗ ಮುಗಿಸಿದ್ದರು.

ಜೋಸ್ಲೀನಳದು ಮರದ ತುಂಡುಗಳ ಆಟ. ಎಂಟೇ ಪುಟ.
ತುಂಡಿನ ಮುಖ ಅವಳಿಗೆ, ಬೆನ್ನು ನಿಮಗೆ.
ಎದುರಿಗಿರುವುದು ದಂಡೋ ಬೆರ್ಚಪ್ಪನೋ
ಮೇಲೆ ಬಿದ್ದ ಮೇಲೆಯೇ ತಿಳಿಯುವುದು.
"ಹಸುವಿನೊಳಗೆ ಕೈ ಹಾಕಿದ ಹಾಗೆ," ಅನ್ನುತ್ತಾಳೆ,
"ಮೊದಲು ಸಿಗುವುದು ಕಾಲೋ ತಲೆಯೋ, ಯಾವ ಪುಸ್ತಕದಲ್ಲಿದೆ?"

ನಾನು ಎಲೆಗಳವನು.
ಕೈಯಲ್ಲಿ ಏಳು ಎಲೆ, ಎಲೆಗೆರಡು ಬಾಯಿ:
ಸೈನ್ಯ ನಡೆಸು, ಇಲ್ಲವೇ ಬರೆದಿದ್ದು ನಡೆಯಲು ಬಿಡು.
ಮೋಡ ಚದುರುವ ಎಲೆಯನ್ನು
ಮೂರು ಸರದಿ ಮುಚ್ಚಿಟ್ಟುಕೊಂಡು ಕೂತಿದ್ದೇನೆ,
ತಡವಾದ ಗೂಡ್ಸ್ ಗಾಡಿಗೆ ಕೂತ ಹಾಗೆ.
"ಮೋಡವೇನು ನಿಮ್ಮಪ್ಪನ ಸೊತ್ತೇ?" ಎಂದು ಎವ್ರಾರ್ ಸಿಡುಕುತ್ತಾನೆ.

ಯಾವುದು ನಿಜಕ್ಕೆ ಹತ್ತಿರ?
ಹನ್ನೆರಡು ವರ್ಷದಿಂದ ಜಗಳ. ಬಿಯರು ಖಾಲಿ, ಜಗಳ ತುಂಬಿದೆ.

ಆ ರಾತ್ರಿ ಎವ್ರಾರ್ ನನ್ನ ದಳವೊಂದನ್ನು ಚಿಮುಟದಲ್ಲಿ ಎತ್ತಿದ.
"ನಿಯಮ ಹದಿನಾಲ್ಕು. ನಕ್ಷೆಯ ಅಂಚಿನಿಂದ ಇಲ್ಲಿಗೆ
ಕೋಶಕ್ಕೆ ಕೋಶ ಕೂಡಿದ ದಾರಿ ಬೇಕು.
ಶತ್ರುವಿನ ಪಕ್ಕದ ಕೋಶದಲ್ಲಿ ಅದು ಹಾಯುವಂತಿಲ್ಲ.
ಹಾಯದು. ಹಾಗಾಗಿ ಇವರು ಉಪವಾಸ."

ಮನೆಯೊಡತಿ ಎರ್ಮೀನ್ ಬಿಸಿ ವಾಫಲ್ ಹಿಡಿದು ಇಳಿದು ಬಂದಿದ್ದಳು.
ತೊಂಬತ್ತು ವಯಸ್ಸು, ಕನ್ನಡಕ ಹಣೆಯ ಮೇಲೆ.
"ಗಿರಣಿ ಹೊಳೆಯ ಈಚೆಗಿತ್ತು," ಎಂದಳು ಮೊದಲು.
ಆಮೇಲೆ ಸಕ್ಕರೆ ಹತ್ತಿದ ಬೆರಳು
ಎರಡು ಸೈನ್ಯಗಳ ನಡುವೆ ಐದು ಕೋಶ ಸರಿಯಿತು.
"ಇಲ್ಲಿಂದ ಇಲ್ಲಿಗೆ ಹಾಲು ತಂದೆ.
ಆ ಕಡೆಯವರಿಗೊಂದು ಲೋಟ, ಈ ಕಡೆಯವರಿಗೊಂದು.
ಉಳಿದದ್ದು ಈ ಮಾಳಿಗೆಯಲ್ಲಿದ್ದ ಹದಿನೇಳು ಮಂದಿಗೆ."

ಒಂಬತ್ತು ವರ್ಷದ ಹುಡುಗಿಯ ನಡೆಗೆ ಎಷ್ಟು ಅಂಕ?
ಜೋಸ್ಲೀನ್ ಬರಿಯ ಮರದ ತುಂಡೊಂದನ್ನು ಹುಡುಕಿ ತೆಗೆದಳು.
ನಾನೆಂದೆ, ಇಲ್ಲ, ಇದು ಎಲೆ; ಒಮ್ಮೆ ಆಡಿ ಬಿಸಾಕುವಂಥದ್ದು.
ಎವ್ರಾರ್ ಮಾತಾಡಲಿಲ್ಲ. ಪುಸ್ತಕ ತೆರೆದು
ಹದಿನಾಲ್ಕರ ಕೆಳಗೆ ಪೆನ್ಸಿಲಿನಲ್ಲಿ ಬರೆಯತೊಡಗಿದ:
"ವಿನಾಯಿತಿ. ಹಾಲು. ದಿನಕ್ಕೊಮ್ಮೆ."

"ದಿನಕ್ಕಲ್ಲ," ಎಂದಳು ಎರ್ಮೀನ್, ತಟ್ಟೆಗೆ ಜಾಗ ಮಾಡುತ್ತಾ,
"ಮಾರನೆಯ ದಿನ ಹಸು ಇರಲಿಲ್ಲ."

ವಾಫಲ್ ಆರುತ್ತಿತ್ತು.
ನನ್ನ ದಳ ಇನ್ನೂ ಚಿಮುಟದ ತುದಿಯಲ್ಲಿತ್ತು.
ಸರದಿ ಯಾರದೆಂದು ಸ್ವಲ್ಪ ಹೊತ್ತು
ಯಾರಿಗೂ ನೆನಪಾಗಲಿಲ್ಲ.